ಅಳತೆಯ ಬಳೆ

“ಇಳೀರಿ ಕೆಳಗ! ಮೊದಲ ಇಳೀರಿ!”

ಇಂದ್ರಾಬಾಯಿಯ ಕೂಗಿಗೆ ಮುಂಬೈಯ ಪರೇಲಿನ ಕನ್ನಡ ಶಾಲೆಯ ನಾಲ್ಕನೇ ತರಗತಿಯ ಮೂವತ್ತೆಂಟು ಮಕ್ಕಳೂ ಕಿಟಕಿಗೆ ಮುತ್ತಿಕೊಂಡರು. ಹೊರಗೆ ಏಣಿಯ ಮೇಲೆ ಒಬ್ಬ ಅಪರಿಚಿತ. ಬಾಯಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ.

ಅವನು ಮೊಳೆ ತೆಗೆದು ನಕ್ಕ.

“ಇಳೀತೀನ್ರಿ ಬಾಯಾರ. ಆದ್ರ ಗುಬ್ಬಿ ಮನಿ ಒಂದ ಮೊಳಿ ಮ್ಯಾಲ ನಿಂದ್ರೂದಿಲ್ಲ. ಇನ್ನೊಂದು ಹೊಡೀಲಿ?”

“ನಾ ಇಲ್ಲಿ ಪಾಠ ಮಾಡಾಕತ್ತೀನಿ!”

“ಗೊತ್ತೈತ್ರಿ, ಹದಿನೇಳರ ಮಗ್ಗಿ. ಹದಿನೇಳ ಎಂಟ್ಲೆ ನೂರಾ ಮೂವತ್ತಾರು. ನೀವು ನೂರಾ ಇಪ್ಪತ್ತಾರು ಅಂದ್ರಿ.”

ಮಕ್ಕಳು ಹೋ ಎಂದು ನಕ್ಕರು. ಇಂದ್ರಾಳ ಕಿವಿ ಬಿಸಿಯಾಯಿತು. ಇಂಥ ಸೊಕ್ಕಿನ ಮನುಷ್ಯನ ಮುಖ ಇನ್ನೊಮ್ಮೆ ನೋಡಬಾರದು ಎಂದುಕೊಂಡಳು... ಸಂಜೆಯೊಳಗೆ ನಾಲ್ಕು ಸಲ ನೆನೆದಳು!

ಅದು ೧೯೭೩ರ ಫೆಬ್ರವರಿ. ಶಾಲೆಯ ಹಳೆಯ ಹಂಚು ತೆಗೆದು ಸ್ಲ್ಯಾಬ್ ಹಾಕಿಸಿದ್ದರು. ಹಂಚಿನ ಸಂದಿಯಲ್ಲಿ ಸಂಸಾರ ಹೂಡಿದ್ದ ಗುಬ್ಬಿ, ಮೈನಾಗಳಿಗೆ ನೆಲೆ ತಪ್ಪಿತ್ತು. ಕಡ್ಡಿ ಕಚ್ಚಿಕೊಂಡು ಬಂದು, ಸಿಮೆಂಟಿಗೊಂದು ಸುತ್ತು ಹಾಕಿ, ಹಾಗೇ ಹೋಗುತ್ತಿದ್ದವು. ಅದನ್ನು ನೋಡಲಾಗದೆ ಅದೇ ತರಗತಿಯ ಹಾಲವ್ವ ಎಂಬ ಹುಡುಗಿ ತನ್ನ ಚಾಳಿನ ಚಂದ್ರಾಮನಿಗೆ ದುಂಬಾಲು ಬಿದ್ದಿದ್ದಳು. ಅವನು ವಿಜಾಪುರದ ಕಡೆಯವನು, ಮಿಲ್ಲಿನಲ್ಲಿ ಬಡಗಿ. ಎರಡನೇ ಪಾಳಿ, ಬೆಳಿಗ್ಗೆ ಬಿಡುವು. ಹೆಡ್‌ಮಾಸ್ತರ ಚನ್ನಬಸಯ್ಯನವರ ಒಪ್ಪಿಗೆ ಪಡೆದೇ ಏಣಿ ಹತ್ತಿದ್ದ.

ಹದಿನೈದು ದಿನಕ್ಕೆ ಒಂದು ಹೆಣ್ಣು ಗುಬ್ಬಿ ಹುಲ್ಲೆಳೆ ಕಚ್ಚಿಕೊಂಡು ಆ ಪೆಟ್ಟಿಗೆಯೊಳಗೆ ನುಗ್ಗಿತು. ತರಗತಿ ಎಂದೂ ಇಲ್ಲದಷ್ಟು ಗಪ್‌ಚಿಪ್! ಹೊರಗೆ ಚಂದ್ರಾಮನೂ ಮಕ್ಕಳ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದ. ಮಕ್ಕಳು ಗುಬ್ಬಿಯನ್ನು ನೋಡಿದರು. ಇಂದ್ರಾ ಅವನನ್ನು ನೋಡಿದಳು.

ಆಮೇಲೆ ಮಕ್ಕಳೆಲ್ಲ ಚಹಪುಡಿ ತುಂಬಿ ಬರುವ ಮರದ ಖಾಲಿ ಖೋಕಾ ತರತೊಡಗಿದರು. ಭಾನುವಾರ ಚಾಳಿನ ಗ್ಯಾಲರಿಯಲ್ಲಿ ಚಂದ್ರಾಮ ಅವರ ಕೈಯಿಂದಲೇ ಹಲಗೆ ಕೊಯ್ಯಿಸಿ, ತೂತು ಕೊರೆಸುತ್ತಿದ್ದ. ಸೋಮವಾರ ಪೆಟ್ಟಿಗೆಗಳು ಶಾಲೆಗೆ ಬರುತ್ತಿದ್ದವು. ಇಂದ್ರಾ ಇದ್ದದ್ದು ವಿಕ್ರೋಳಿಯ ಅಣ್ಣನ ಮನೆಯಲ್ಲಿ. ಭಾನುವಾರ ಅವಳಿಗೆ ಒಲೆಯೇ ಗತಿ. ಆದರೆ ಸೋಮವಾರ ಮಾತ್ರ ಒಂದು ಲೋಕಲ್ ಮೊದಲೇ ಹಿಡಿಯುತ್ತಿದ್ದಳು. ಯಾಕೆ ಅಂತ ಕೇಳಬೇಡಿ!

ಅಷ್ಟರಲ್ಲಿ ಚಂಪಾ ಬಂದಳು.

ಗೋರೆಗಾಂವ್‌ನಲ್ಲೇ ಹುಟ್ಟಿ ಬೆಳೆದ ಹೊಸ ಡ್ರಾಯಿಂಗ್ ಟೀಚರ್. ಸಣ್ಣ ಕೈ, ತುಂಬ ಹಸಿರು ಬಳೆ. ಮಾತಿಗೊಂದು ನಗು.

“ಚಂದ್ರಾಮಜೀ, ಯೇ ತೋ ಕಮಾಲ್ ಆಗಿದೆ! ನಮ್ಮ ಕಾಲನಿಗೂ ಮಾಡಿ ಕೊಡಿ ನಾ!”

“ಮಾಡೂಣ್ರಿ, ಅದಕ್ಕೇನು!”

ಅದಕ್ಕೇನು ಅಂತೆ... ನನ್ನ ಹತ್ತಿರ ಮಾತಾಡುವಾಗ ಮಾತ್ರ ನೆಲ ನೋಡುತ್ತಾನೆ! ಇಂದ್ರಾ ಒಳಗೊಳಗೇ ಉರಿದಳು.

ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಹೊಟ್ಟೆಕಿಚ್ಚಿಗೆ ಮೈಯೆಲ್ಲ ಕಣ್ಣು. ಚಂಪಾ ಎಷ್ಟು ಸಲ ನಕ್ಕಳು, ಅವನು ಎಷ್ಟು ಸಲ ತಲೆ ಎತ್ತಿದ, ಎಲ್ಲವೂ ಇಂದ್ರಾಳಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ.

ಆ ಶುಕ್ರವಾರ ಮೆಟ್ಟಿಲ ತಿರುವಿನಲ್ಲಿ ಅವಳ ಕಾಲು ತಡೆದು ನಿಂತವು. ಕೆಳಗೆ ಚಂಪಾ ಕೈಯಿಂದ ಒಂದು ಬಳೆ ಬಿಚ್ಚಿ ಚಂದ್ರಾಮನ ಅಂಗೈಗಿಟ್ಟಳು. ಅವನು ಅದನ್ನು ಕರವಸ್ತ್ರದಲ್ಲಿ ಸುತ್ತಿ, ಎದೆಯ ಜೇಬಿಗೆ ಹಾಕಿಕೊಂಡ.

ಅಳತೆಯ ಬಳೆ!

ಇಂದ್ರಾ, ಚಂದ್ರಾಮ ಇಬ್ಬರ ಊರ ಕಡೆಯೂ ಮದುವೆಯ ಮಾತು ಪಕ್ಕಾ ಆದಮೇಲೆ ಗಂಡಿನವರು ಹುಡುಗಿಯ ಒಂದು ಬಳೆ ಒಯ್ಯುತ್ತಾರೆ. ಅದೇ ಅಳತೆಗೆ ಬಳೆಗಾರ ಮದುವೆಯ ಬಳೆ ತರುತ್ತಾನೆ. ಇದನ್ನು ಇಂದ್ರಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಲೋಕಲ್‌ನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. ಮನೆಗೆ ಬಂದವಳೇ, “ಅಣ್ಣಾ, ಬೆಳಗಾವಿ ಮಂದಿ ನನ್ನ ನೋಡಾಕ ಈ ಐತವಾರ ಬರ್ತೀವಿ ಅಂದಿದ್ರಲ್ಲ, ಬರಲಿ” ಅಂದಳು.

ಅಣ್ಣ ಭೀಮರಾಯ ಬಾಯಿ ತೆರೆದು ನೋಡಿದ. ಆರು ತಿಂಗಳಿಂದ ಒಲ್ಲೆನೆಂದವಳು!

“ಖರೇನ ಒಪ್ಪಿದ್ಯೇನು?”

“ಹೂಂ.”

ಹೂಂ ಅಂದಳೇ ಹೊರತು ರಾತ್ರಿಯಿಡೀ ಎದೆಯೊಳಗೆ ಬೇರೆಯೇ ಮಾತು.

ಶನಿವಾರ ಅರ್ಧ ದಿನದ ಶಾಲೆ. ಗಂಟೆ ಹೊಡೆಯುವ ಹೊತ್ತಿಗೆ ಚಂದ್ರಾಮ ದೊಡ್ಡದೊಂದು ಪೆಟ್ಟಿಗೆ ಹೊತ್ತು ಬಂದ. ಹಾಲವ್ವ ಕುಣಿದಳು.

“ಬಾಯಾರ, ಮೈನಾದ ಮನಿ!”

“ಬ್ಯಾಡ” ಎಂದಳು ಇಂದ್ರಾ. “ಪರೀಕ್ಷಾ ಬಂತು. ಸಾಕು ಈ ಹಕ್ಕಿ ಆಟ. ಇನ್ನ ಮ್ಯಾಲ ನನ್ನ ಕಿಡಕಿಗೆ ಏನೂ ಬಡೀಬ್ಯಾಡ್ರಿ.”

ಮಕ್ಕಳ ಮುಖ ಬಾಡಿದವು. ಕಿಟಕಿಯ ಸರಳಿನ ಮೇಲೆ ಮೈನಾ ಜೋಡಿ ಕೂತಿತ್ತು. ಒಂದರ ಕೊಕ್ಕಿನಲ್ಲಿ ಚಿಂದಿ ಬಟ್ಟೆ. ಇಂದ್ರಾ ಆ ಕಡೆ ನೋಡಲಿಲ್ಲ. ನೋಡಿದರೆ ಸೋಲುತ್ತೇನೆಂದು ಅವಳಿಗೆ ಗೊತ್ತಿತ್ತು.

“ಏನ ತಪ್ಪಾತ್ರಿ ನನ್ನಿಂದ?” ಚಂದ್ರಾಮ ಮೆಲ್ಲಗೆ ಕೇಳಿದ.

“ತಪ್ಪ್ಯಾಕ? ಲಗ್ನದ ಗಡಿಬಿಡ್ಯಾಗ ಇದೆಲ್ಲ ನಿಮಗರ ಯಾಕ ಅಂತ! ಚಂಪಾಬಾಯಿ ಬಳಿ ಕಿಸೆದಾಗ ಇಟಗೊಂಡು ತಿರಗಾಕತ್ತೀರಿ. ಜಲ್ದಿ ಬಳಗಾರಗ ಕೊಡ್ರಿ!”

ಅಯ್ಯೋ... ಆಡಬಾರದ ಮಾತು ಆಡಿಬಿಟ್ಟಳು!

ಹಾಲವ್ವ ಹಣೆ ಬಡಿದುಕೊಂಡಳು.

“ಬಾಯಾರ, ಅದು ತೂತಿಂದು! ಗುಬ್ಬಿ ತೂತಿಗೆ ನನ್ನ ತಂಗಿ ಬಳಿ ಇಟ್ಟು ಸುತ್ತ ಪೆನ್ಸಿಲ್ ಗೀರ್ತೀವಿ. ಮೈನಾಕ್ಕ ಅದು ಸಣ್ಣದಾತು!”

ಚಂದ್ರಾಮ ಕರವಸ್ತ್ರ ಬಿಚ್ಚಿದ. ಹಸಿರು ಬಳೆಯನ್ನು ಪೆಟ್ಟಿಗೆಯ ತೂತಿಗೆ ಹಿಡಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

“ಕಂಪಾಸ್ ಯಾರ ಮನ್ಯಾಗ ಐತ್ರಿ? ಬಳಿ ಎಲ್ಲಾರ ಮನ್ಯಾಗೂ ಅದಾವ. ನಾ ಇಲ್ಲದಾಗೂ ಹುಡುಗೂರು ತಾವ ಮಾಡಬೇಕಲ್ಲ. ಆದ್ರ ಹುಡಿಗೇರ ಬಳಿ ಸಣ್ಣವು, ಚಾಳಿನ ಅವ್ವಂದಿರವು ದೊಡ್ಡವು. ದೊಡ್ಡ ಅಳತಿಗೆ ಕೊರದ್ರ ಕಾಗಿ ತಲಿ ತೂರಿಸಿ ತತ್ತಿ ತಿಂದೀತು. ಎರಡಿಂಚಿನ ಬಳಿ ಈ ಸಾಲ್ಯಾಗ ಇಬ್ಬರ ಕೈಯಾಗಷ್ಟ ಐತಿ.”

ಇಂದ್ರಾಳಿಗೆ ನೆಲ ಬಿರಿದರೆ ಸಾಕೆನಿಸಿತು. ಆದರೂ ಹಾಳು ಹೊಟ್ಟೆಕಿಚ್ಚು ಅಷ್ಟಕ್ಕೆ ಆರಲಿಲ್ಲ.

“ಹಾಲವ್ವ, ಎಲ್ಲಾರನ್ನೂ ಕರಕೊಂಡು ಏಣಿ ತಗೊಂಡ ಬಾ” ಎಂದಳು.

ಮಕ್ಕಳು ಕೇಕೆ ಹಾಕುತ್ತ ಓಡಿದರು. ತರಗತಿ ಖಾಲಿಯಾಯಿತು.

“ಇನ್ನೊಬ್ಬರು ಯಾರು?”

“ನೀವ.”

“ಮತ್ತ... ನನ್ನ ಯಾಕ ಕೇಳಲಿಲ್ಲ?” “ನನ್ನ ಕೈಯಾಗ ಬಳಿ ಇದ್ದಿಲ್ಲೇನು? ಮೊದಲ ಆಕಿನ್ನ ಯಾಕ ಕೇಳಿದ್ರಿ?”

ಮೊದಲ ದಿನ ಏಣಿಯ ಮೇಲೆ ಅಷ್ಟು ಮಾತಾಡಿದ್ದವನು ಈಗ ಪೆಟ್ಟಿಗೆಯ ಅಂಚು ಸವರಿದ. ಆಮೇಲೆ ತಲೆ ಎತ್ತಿದ.

“ಅವರು ಮುಂಬೈದಾಗ ಹುಟ್ಟಿದವರ್ರಿ. ಅವರಿಗೆ ಬಳಿ ಅಂದ್ರ ಬರೇ ಬಳಿ. ನಿಮ್ಮ ಮುಂದ ಕೈ ಚಾಚಿ ಬಳಿ ಕೊಡ್ರಿ ಅಂದ್ರ... ಅದಕ್ಕ ಒಂದ ಅರ್ಥ ಅಲ್ಲೇನ್ರಿ? ಹಕ್ಕಿ ನೆವ ಮಾಡಿ ಅದನ್ನ ಕೇಳಬಾರದು ಅನಿಸ್ತು. ಕೇಳಿದ್ರ ಖರೇನ ಕೇಳಬೇಕು. ಧೈರ್ಯ ಸಾಲಲಿಲ್ಲ.”

ಇಂದ್ರಾಳ ಕಣ್ಣು ತುಂಬಿದವು. ಒಂದು ವಾರದ ಉರಿ, ಒಂದು ರಾತ್ರಿಯ ಅಳು... ಯಾರ ಮೇಲೆ? ಅವನ ಮನಸ್ಸಿನಲ್ಲಿದ್ದವಳು ತಾನೇ!

“ಹುಚ್ಚಪ್ಪ” ಎಂದಳು ಅಳುತ್ತಲೇ. “ನಾಳಿಗಿ ನನ್ನ ನೋಡಾಕ ಬೆಳಗಾವಿಯವರು ಬರಾಕತ್ತಾರ. ನಾನ ಬರಲಿ ಅಂದೀನಿ, ಸಿಟ್ಟಿಗೆ.”

ಅವನ ಮುಖ ಬಿಳಿಚಿತು.

“ಹಂಗಾದ್ರ... ನಾ ತಡಾ ಮಾಡಿದ್ನ?”

ಇಂದ್ರಾ ಎಡಗೈಯ ಬೆರಳು ಮಡಚಿ, ನಿಧಾನವಾಗಿ, ಒಂದು ಬಳೆ ಬಿಚ್ಚಿದಳು. ಅವನ ಕೈಯಲ್ಲಿದ್ದ ಚಂಪಾಳ ಬಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ತನ್ನದನ್ನು ಅವನ ಅಂಗೈಯಲ್ಲಿಟ್ಟಳು.

ಹೊರಗೆ ಏಣಿ ಎಳೆಯುವ ಸದ್ದು, ಮಕ್ಕಳ ಗದ್ದಲ.

“ಇದು... ಯಾವ ಹಕ್ಕಿದ್ರಿ?” ಅವನು ಕೇಳಿದ.

“ಇದು ಹಕ್ಕಿದಲ್ಲ.”

ಅವನು ಕರವಸ್ತ್ರದಲ್ಲಿ ಅದನ್ನು ಸುತ್ತಿದ, ಎರಡು ಸುತ್ತು, ಮೂರು ಸುತ್ತು. ಜೇಬಿಗಿಟ್ಟು ಮೇಲೆ ಕೈ ಒತ್ತಿಕೊಂಡ.

“ಮತ್ತ ನಾಳಿಗಿ ಬರೋ ಬೆಳಗಾವಿಯವರಿಗೆ ಏನ ಹೇಳ್ತೀರಿ?”

ಇಂದ್ರಾ ಸೆರಗಿನಿಂದ ಕಣ್ಣೊರೆಸಿಕೊಂಡು, ಮೊದಲ ಸಲ ಅವನೆದುರು ನಕ್ಕಳು.

“ಅಳತಿ ಕೊಟ್ಟಾತು ಅಂತೀನಿ.”