ಕಣ್ಣಡಿಯ ದೀಪ

ಒಂದು ಚೂರು ಬೆಳಕೂ ಒಳಗೆ ಬರಬಾರದು, ಅಂಥ ಪರದೆ ಬೇಕು ಎಂದು ಲೆಕ್ಕದ ಮೇಷ್ಟ್ರು ಕೇಳಿದಾಗ ಅವಳಿಗೆ ನಗು ಬಂತು. ಅಣ್ಣನ ಅಂಗಡಿಯಲ್ಲಿ ಕೂತು ಎಷ್ಟೋ ಮನೆಗಳಿಗೆ ಪರದೆ ಹೊಲಿದಿದ್ದಳು. ಹಾಡಹಗಲಲ್ಲೇ ಕತ್ತಲು ಬೇಕೆಂದವರು ಇವರೊಬ್ಬರೇ. ಒಂಟಿ ಗಂಡಸು, ಕತ್ತಲೆ ಕೋಣೆ. ಬೀದಿಯವರ ಬಾಯಿಗೆ ಅಷ್ಟು ಸಾಕಿತ್ತು.

ಪರದೆ ತೂಗುಹಾಕಲು ಅವಳೂ ಅಂಜಿಕೊಂಡೇ ಹೋದಳು. ಕೊನೆಯ ಕೊಂಡಿ ಸಿಕ್ಕಿಸಿದ್ದೇ ತಡ, ಮಧ್ಯಾಹ್ನದ ಕೋಣೆ ಕಾಡಿಗೆಯಂತಾಯಿತು.

"ಹೆದರ್ಬೇಡಿ, ಆ ಕಡೆ ನೋಡಿ," ಎಂದರು ಮೇಷ್ಟ್ರು.

ಗಾಜಿನ ತೊಟ್ಟಿಯಲ್ಲಿ ಎರಡು ನೀಲಿ ಕಿಡಿಗಳು ಮಿನುಗಿದವು, ಆರಿದವು, ಇನ್ನೊಂದು ಮೂಲೆಯಲ್ಲಿ ಮತ್ತೆ ಹೊತ್ತಿಕೊಂಡವು.

ಸಮುದ್ರದ ಮೀನು. ಕಣ್ಣಿನ ಕೆಳಗೆ ತನ್ನದೇ ದೀಪ ಇಟ್ಟುಕೊಂಡು ಇರುಳಲ್ಲಿ ತಿರುಗುವ ಜೀವ. ಬೆಳಕು ಬಿದ್ದರೆ ಕಲ್ಲಿನ ಸಂದಿ ಸೇರಿ ಊಟ ಬಿಡುತ್ತದೆ. ಸಾಕುಮೀನಿನ ಅಂಗಡಿಯ ಟ್ಯೂಬ್‌ಲೈಟಿನಡಿ ಸೊರಗುತ್ತಿದ್ದ ಅದನ್ನು ಯಾರೂ ಕೊಳ್ಳದಿದ್ದಾಗ ಮೇಷ್ಟ್ರು ತಂದಿದ್ದರು. ಮೀನಿನ ಮಾತು ಬಂದರೆ ಅವರ ದನಿ ಮೆತ್ತಗಾಗುತ್ತಿತ್ತು. ಅವಳ ಮಾತು ಬಂದರೆ ನಿಂತೇ ಹೋಗುತ್ತಿತ್ತು.

ಆಮೇಲೆ ಅವಳಿಗೆ ಆ ಪರದೆಯಲ್ಲಿ ಏನಾದರೊಂದು ಕೊರತೆ ಕಾಣತೊಡಗಿತು. ಅಂಚು ಸರಿಯಿಲ್ಲ, ಕೊಂಡಿ ಸಡಿಲ ಎನ್ನುತ್ತ ಮತ್ತೆ ಮತ್ತೆ ಬಂದಳು. ನೀವು ಹೊಲಿದದ್ದರಲ್ಲಿ ಇಷ್ಟೊಂದು ತಪ್ಪೇ ಎಂದು ಮೇಷ್ಟ್ರು ಕೇಳಿದರು.

"ತಪ್ಪು ಹುಡುಕೋದು ಮೇಷ್ಟ್ರ ಕೆಲಸ. ನೀವು ಹುಡುಕ್ತಿಲ್ವಲ್ಲ, ಅದಕ್ಕೇ ನಾನೇ ಹುಡುಕ್ತಿದೀನಿ."

ಕತ್ತಲಲ್ಲೂ ಅವರು ನಕ್ಕದ್ದು ಅವಳಿಗೆ ಗೊತ್ತಾಯಿತು.

ಸುದ್ದಿ ಅಣ್ಣನ ಕಿವಿಗೆ ಬೀಳದೆ ಇರುತ್ತದೆಯೇ? ಇನ್ನು ಆ ಮನೆಯ ಮೆಟ್ಟಿಲು ಹತ್ತಕೂಡದು ಎಂದ. ಅವಳು ಮರುದಿನವೇ ಹತ್ತಿದಳು, ಅದೂ ಎಲ್ಲರೂ ನೋಡಲೆಂದೇ ಬೀದಿಯ ನಟ್ಟನಡುವೆ ನಡೆದು. ಬೆನ್ನ ಹಿಂದೆಯೇ ಬಂದ ಅಣ್ಣ ಪರದೆಯನ್ನು ಸರ್ರನೆ ಎಳೆದು ತೆರೆದ. ಮೀನು ಗಾಜಿಗೆ ಬಡಿದುಕೊಂಡು ಕಲ್ಲಿನಡಿ ನುಗ್ಗಿತು.

ಅವಳು ಅಣ್ಣನ ಕೈಯಿಂದ ಪರದೆ ಬಿಡಿಸಿ ಮುಚ್ಚಿದಳು.

"ಜನ ಏನಂತಾರೆ ಗೊತ್ತಾ ನಿಂಗೆ?" ಎಂದ ಅಣ್ಣ.

"ಅಂದ್ಕೊಳ್ಳಲಿ. ನಾನು ಇವರನ್ನೇ ಮದುವೆ ಆಗೋದು. ಇವರಿನ್ನೂ ನನ್ನ ಕೇಳಿಲ್ಲ, ಅದು ಬೇರೆ ಮಾತು."

ಕತ್ತಲೊಳಗಿಂದ ಮೇಷ್ಟ್ರ ದನಿ ಬಂತು:

"ಕೇಳೋಕೆ ಧೈರ್ಯ ಸಾಲ್ತಿರ್ಲಿಲ್ಲ. ಈಗ ಕೇಳ್ತಿದೀನಿ, ನಿಮ್ಮಣ್ಣನ ಎದುರಿಗೇ. ಆಗ್ತೀರಾ?"

"ಈಗಷ್ಟೇ ಹೇಳಿದ್ನಲ್ಲ," ಎಂದಳು.

ಹೊರಡಲು ತಿರುಗಿದ ಅಣ್ಣ ಕತ್ತಲಲ್ಲಿ ಯಾವುದಕ್ಕೋ ಮೊಣಕಾಲು ತಾಗಿಸಿಕೊಂಡು ನಿಂತ. ದೊಡ್ಡ ನಿಟ್ಟುಸಿರೊಂದು ಕೇಳಿಸಿತು.

"ಮದುವೆ ಮಾತು ನಿಂತ್ಕೊಂಡು ಆಡೋದಲ್ಲ," ಎಂದ. "ಕುರ್ಚಿ ಎಲ್ಲಿದೆ ಹೇಳ್ರಪ್ಪ."