ಮೂರನೇ ಪ್ರೆಸ್ಸಿನ ಗಾರ್ಡು

ಛತ್ರಪತಿ ಸಂಭಾಜಿನಗರದಲ್ಲಿ ಮಾಲು ಇಳಿಸಿ ಟೆಂಪೋ ತಿರುಗಿಸುವಾಗ ಮಲ್ಲಿನಾಥನ ಕಣ್ಣಿಗೆ ಆ ಬೋರ್ಡು ಬಿತ್ತು. ಹೊಸ ತಗಡಿನ ಶೆಡ್ಡು, ಬಣ್ಣದ ವಾಸನೆ ಇನ್ನೂ ಹೋಗದ ಗೇಟು, ಮೇಲೆ ‘ವಿನಯ ಇಂಜಿನಿಯರಿಂಗ್’. ವಿನಯ ಎಂದರೆ ಅವನ ಮಾಲಕ ಕೃಷ್ಣರಾಜನ ಮಗ. ಯುಗಾದಿ ಪಾಡ್ಯ ಮುಗಿದ ಮೇಲೆ ಸೇಠರು ಇಲ್ಲೇ ಬಂದು ಕೂರುತ್ತಾರಂತೆ, ನಾಸಿಕ ಬಿಡುತ್ತಾರಂತೆ ಎಂದು ವಾಚ್‌ಮನ್ ತಾನಾಗಿಯೇ ಹೇಳಿದ.

ಭಾಲ್ಕಿಯಿಂದ ಒಂದೇ ಬಸ್ಸಿನಲ್ಲಿ ಬಂದವರು ಅವರಿಬ್ಬರು. ನಾಸಿಕದ ಸಾತಪುರದಲ್ಲಿ ಒಂದೇ ಖೋಲಿಯಲ್ಲಿ, ಒಂದೇ ಸ್ಟೋವಿನ ಮೇಲೆ ಅನ್ನ ಮಾಡಿಕೊಂಡು ಉಂಡವರು. ಕೃಷ್ಣರಾಜ ಅಲ್ಲೇ ಹಾಕಿದ ಕಾರ್ಖಾನೆಯ ಮೊದಲ ಮಷಿನನ್ನು ಹೆಗಲು ಕೊಟ್ಟು ಒಳಗೆ ತಂದವನು ಮಲ್ಲಿನಾಥ. ಯಾರೇ ಬಂದರೂ ಕೃಷ್ಣರಾಜ ಅವನ ಭುಜದ ಮೇಲೆ ಕೈಯಿಟ್ಟು, “ಇದು ಇಬ್ಬರದೂ ರೀ” ಎನ್ನುತ್ತಿದ್ದ. ಕಾಗದದ ಮೇಲೆ ಮಾತ್ರ ಮಲ್ಲಿನಾಥ ಬರೀ ಫೋರ್‌ಮನ್. ಅಣ್ಣನಂಥವನ ಹತ್ತಿರ ಕಾಗದ ಕೇಳಲು ಅವನಿಗೆ ನಾಚಿಕೆಯಾಗಿತ್ತು.

ಮರಳಿ ಬಂದ ಮೇಲೂ ಅವನು ಒಂದು ಅವಕಾಶ ಕೊಟ್ಟ. ಚಹಾ ಕುಡಿಯುತ್ತಾ, “ಸಂಭಾಜಿನಗರದಾಗ ಏನರೆ ಹೊಸಾದು ಅದ ಏನ್ರಿ ಅಣ್ಣಾ?” ಎಂದ.

“ಏನಿರ್ತದೋ ಅಲ್ಲಿ? ಬಿಸಲು,” ಎಂದು ಕೃಷ್ಣರಾಜ ನಕ್ಕ.

ಆ ನಗು ಮಲ್ಲಿನಾಥನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು.

ಸೇಡಿನ ದಾರಿಯನ್ನು ಗೊತ್ತಿಲ್ಲದೆ ಕೃಷ್ಣರಾಜನೇ ತೋರಿಸಿದ್ದ. ಮಾಲಕರಿಗೆ, ಮನೆಯವರಿಗೆ, ಆಸ್ತಿ ಇದ್ದವರಿಗೆ ಕಾನೂನಿನ ಹೊಸ ಸುದ್ದಿಗಳನ್ನು ಒಬ್ಬ ವಕೀಲರು ವಾರವಾರ ವಾಟ್ಸಪ್ಪಿನಲ್ಲಿ ಕಳಿಸುತ್ತಿದ್ದರು. ಕೃಷ್ಣರಾಜ ಓದುತ್ತಿರಲಿಲ್ಲ. “ನೀನೇ ಓದಿ ಏನದ ಹೇಳು” ಎಂದು ಮಲ್ಲಿನಾಥನಿಗೇ ತಳ್ಳುತ್ತಿದ್ದ. ಹಾಗಾಗಿ ಹೊಸ ಕಾರ್ಮಿಕ ಕಾನೂನು ಆ ಕಾರ್ಖಾನೆಯಲ್ಲಿ ಒಬ್ಬನಿಗೇ ಗೊತ್ತಿತ್ತು. ಕೆಲಸಗಾರರ ರಕ್ಷಣೆಗೆ ಇಟ್ಟ ಸಾಧನವನ್ನು ತೆಗೆಸಿದರೆ ಕೋರ್ಟು ಮೊದಲು ಹುಡುಕುವುದು ಮಾಲಕನನ್ನು. ಯಾರಿಗಾದರೂ ಪೆಟ್ಟಾದರೆ ಜೈಲೂ ಆಗಬಹುದು. ಹೇಳಿದ್ದನ್ನು ಮಾಡಿದೆ ಎನ್ನುವ ಫೋರ್‌ಮನ್ ಸಾಕ್ಷಿಯಾಗಿ ಪಾರಾಗಬಹುದು.

ಯಾರಿಗೇ ಪೆಟ್ಟಾಗುವುದೂ ಅವನಿಗೆ ಬೇಡವಾಗಿತ್ತು. ಅದಕ್ಕೇ ಆರ್ಡರಿಲ್ಲದೆ ಸುಮ್ಮನೆ ನಿಂತಿದ್ದ, ತಗಡು ಒತ್ತಿ ಕತ್ತರಿಸುವ ಮೂರನೇ ಪ್ರೆಸ್ಸನ್ನು ಆರಿಸಿಕೊಂಡ. ವಾರದ ರಜೆಯ ದಿನ ಕೈ ಒಳಗೆ ಹೋಗದಂತೆ ತಡೆಯುವ ಅದರ ಮುಂದಿನ ಜಾಳಿಗೆಯ ಗಾರ್ಡು ಬಿಚ್ಚಿ, ಗಾರ್ಡಿಲ್ಲದೆಯೂ ಪ್ರೆಸ್ಸು ನಡೆಯುವಂತೆ ಸ್ವಿಚ್ಚಿನ ತಂತಿ ಜೋಡಿಸಿದ. ಮರುದಿನ ಕೆಲಸಗಾರರಿಗೆ, “ಅಣ್ಣಾವ್ರು ಬಿಚ್ಚಂತ ಹೇಳ್ಯಾರ. ಕೆಲಸ ಜಲ್ದಿ ಆಗಬೇಕಂತ. ಸದ್ಯ ಯಾರೂ ಅದನ್ನ ಮುಟ್ಟಬ್ಯಾಡ್ರಿ” ಎಂದ. ಆಮೇಲೆ ತ್ರ್ಯಂಬಕೇಶ್ವರಕ್ಕೆ ಜೀಪು ಹತ್ತಿದ. ಪೂಜೆಗೆ ಬಂದವರ ಗದ್ದಲದ ನಡುವೆ, ಒಂದು ಲಾಡ್ಜಿನ ಕೌಂಟರಿನ ಫೋನಿನಿಂದ ಕಾರ್ಖಾನೆ ಇನ್‌ಸ್ಪೆಕ್ಟರ ಆಫೀಸಿಗೆ ಹೆಸರು ಹೇಳದೆ ದೂರು ಕೊಟ್ಟ: ಮಾಲಕನೇ ಗಾರ್ಡು ತೆಗೆಸಿದ್ದಾನೆ, ಬಂದು ನೋಡಿ. ಇಳಿದು ಬರುವಾಗ ಶಿವನಿಗೆ ಕೈ ಮುಗಿಯುವುದನ್ನೂ ಮರೆಯಲಿಲ್ಲ.

ಇನ್‌ಸ್ಪೆಕ್ಟರು ಬಂದ ದಿನ ಬೆಳಗ್ಗೆಯೂ ಅವನು ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಿದ್ದ. ಒಳಗೆ ಮೊದಲ ಪ್ರೆಸ್ಸಿನ ಬೆಲ್ಟು ಹರಿಯಿತು. ಕಲಬುರಗಿ ಕಡೆಯ ಶ್ರೀಮಂತ ಎಂಬ ಹೆಸರಿನ ಕೆಲಸಗಾರ, ಕೈಯಲ್ಲಿದ್ದ ಕೆಲಸ ನಿಲ್ಲಬಾರದೆಂದು, ಯಾರನ್ನೂ ಕೇಳದೆ ಮೂರನೆಯದನ್ನು ಚಾಲೂ ಮಾಡಿದ.

ಕಿರುಚಾಟ ಕೇಳಿ ಮಲ್ಲಿನಾಥ ಓಡಿದ. ತನ್ನ ಟಾವೆಲ್ಲಿನಿಂದಲೇ ಶ್ರೀಮಂತನ ಕೈ ಸುತ್ತಿದ. ಎರಡು ಬೆರಳು ಹೋಗಿದ್ದವು. “ಮಲ್ಲಣ್ಣಾ, ನನ್ನ ಕೆಲಸ ಹೋಗ್ತದ ಏನ್ರಿ?” ಎಂದು ಶ್ರೀಮಂತ ಕೇಳುತ್ತಲೇ ಇದ್ದ. ಅವನನ್ನು ರಿಕ್ಷಾಕ್ಕೆ ಹತ್ತಿಸುವಾಗ ಮಲ್ಲಿನಾಥನ ತಲೆಯಲ್ಲಿ ಒಂದು ಯೋಚನೆ ಹಾದುಹೋಯಿತು: ಈಗ ಕೇಸು ಗಟ್ಟಿಯಾಯಿತು. ತನ್ನ ಯೋಚನೆಗೆ ತಾನೇ ಹೇಸಿದ. ಆದರೂ ಅದನ್ನು ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಪೆಕ್ಟರು ಪ್ರೆಸ್ಸಿನ ಫೋಟೋ ತೆಗೆದು ಮುಗಿಸಿದ್ದರು. ಸುದ್ದಿ ತಿಳಿದು ಕೃಷ್ಣರಾಜ ಸಂಭಾಜಿನಗರದಿಂದ ಓಡಿ ಬಂದಿದ್ದ. ಬಂದವನೇ ಮೊದಲು ಶ್ರೀಮಂತ ಹೇಗಿದ್ದಾನೆಂದು ಕೇಳಿದ.

“ಗಾರ್ಡ್ ತೆಗೆದದ್ದು ಯಾರು?” ಇನ್‌ಸ್ಪೆಕ್ಟರು ಮರಾಠಿಯಲ್ಲಿ ಕೇಳಿದರು.

“ನಾನೇ ಸಾಹೇಬ್ರ. ಮಾಲಕರು ಹೇಳಿದ್ರು, ಬಿಚ್ಚಿದೆ,” ಎಂದ ಮಲ್ಲಿನಾಥ, ಕೃಷ್ಣರಾಜನ ಕಡೆ ಬೆರಳು ಮಾಡಿ. ಕೃಷ್ಣರಾಜ ಅವನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗುರುತು ಸಿಗದವನನ್ನು ನೋಡುವಂತಿತ್ತು. ಮಲ್ಲಿನಾಥ ಕಣ್ಣು ತಗ್ಗಿಸಲಿಲ್ಲ.

ಇನ್‌ಸ್ಪೆಕ್ಟರು ತಮ್ಮ ಮೊಬೈಲಿನಲ್ಲಿ ಕಾರ್ಖಾನೆಯ ನೋಂದಣಿ ತೆಗೆದು ನೋಡಿ, “ಇವರು ಮಾಲಕರಲ್ಲವಲ್ಲ,” ಎಂದರು. “ಈ ತಿಂಗಳ ಮೊದಲಿನಿಂದ ಇದು ಮಲ್ಲಿನಾಥ ಅನ್ನುವವರ ಹೆಸರಿನಲ್ಲಿದೆ.” ಕೃಷ್ಣರಾಜನ ಧ್ವನಿ ಬಹಳ ಮೆತ್ತಗಿತ್ತು. “ಪಾಡ್ಯದ ದಿನ ಹೇಳಬೇಕಂತ ಇದ್ದೆನೋ ಮಲ್ಲ್ಯಾ. ಅಲ್ಲೀದು ವಿನಯಗ, ಇದು ನಿನಗ. ನೀ ಬ್ಯಾಡ ಅಂತೀ ಅಂತ ಪಿಎಫ್ ಕಾಗದ ಅಂತ ಸುಳ್ಳ ಹೇಳಿ ಸಹಿ ತಗೊಂಡೆ.” ಮಲ್ಲಿನಾಥನಿಗೆ ಆ ದಿನ ನೆನಪಾಯಿತು. ಸಂಭಾಜಿನಗರದಿಂದ ಬಂದ ವಾರವೇ ಅದು. ಮನಸ್ಸಿನಲ್ಲಿ ಇದ್ದದ್ದು ಮುಖದ ಮೇಲೆ ಕಾಣಬಾರದು ಎಂದು ಅಷ್ಟೊಂದು ಎಚ್ಚರದಿಂದ ಸಹಿ ಮಾಡಿದವನು, ಆ ಹಾಳೆಗಳ ಒಂದು ಸಾಲನ್ನೂ ಓದಿರಲಿಲ್ಲ.