ಹೆಂಚಿನಿಂದ ಉರುಳಿದ ಹಾಲುಹಲ್ಲು

ಮುದುಕನಿಗೆ ಮರೆವು ಎಂದು ಹಲ್ಲು ಕಿಸಿಯಬೇಡಿ. ನಡುವೆ ಬಾಯಿ ಹಾಕಿದರೆ ಇಲ್ಲಿಗೇ ನಿಲ್ಲಿಸುತ್ತೇನೆ. ಹೋದ ವರ್ಷ, ಮಂಗಳವಾರ, ಬೆಳಗ್ಗೆ ಏಳು ಗಂಟೆ. ಗುಬ್ಬಿ ಕೆರೆ ದಂಡೆಯಲ್ಲಿ ಏಳು ವರ್ಷದ ಭೂಮಿಕಾಳ ಚಪ್ಪಲಿ, ಸ್ಕೂಲ್ ಬ್ಯಾಗು ಸಿಕ್ಕವು. ಹುಡುಗಿ ಇಲ್ಲ. ಸೋಮವಾರ ಸ್ಕೂಲಿನಿಂದ ಮನೆಗೆ ಬಂದೇ ಇರಲಿಲ್ಲ.

ಎರಡು ದಿನ ಕೆರೆ ಜಾಲಾಡಿದರು. ಹೆಣ ಸಿಗಲಿಲ್ಲ.

"ಅವ್ಳೇ ತಳ್ಳವ್ಳೆ ಮೇಡಂ!" ತಂದೆ ಸಿದ್ದಾರ್ಥ ಎದೆ ಬಡಿದುಕೊಂಡ. ಅವಳೆಂದರೆ ಶೆಟ್ಟಿಹಳ್ಳಿಯಲ್ಲಿದ್ದ, ಅವನು ಬಿಟ್ಟ ಹೆಂಡತಿ ಸಂಧ್ಯಾ. ಕೋರ್ಟು ಮಗುವನ್ನು ಅವಳಿಗೆ ಕೊಟ್ಟಿತ್ತು.

ಸಬ್ ಇನ್‌ಸ್ಪೆಕ್ಟರ್ ನೇತ್ರಾವತಿ ಸಂಧ್ಯಾಳನ್ನು ದಿನವೂ ಠಾಣೆಗೆ ಕರೆಸಿ ಕೂರಿಸಿದಳು.

"ನನ್ ಮಗು ಬದುಕವ್ಳೆ, ಹುಡುಕಿ ಮೇಡಂ. ಮುಂದಿನ ಹುಳುಕು ಹಲ್ಲಿಗೆ ಬಿಳಿ ಕ್ಯಾಪ್ ಹಾಕ್ಸಿದೀನಿ, ತುಮಕೂರು ಉಪ್ಪಾರಹಳ್ಳಿ ಡಾಕ್ಟ್ರ ಹತ್ರ."

ಮೇಲಿನವರಿಂದ ಫೋನು ಬಂತು. ಶುಕ್ರವಾರ ಸಂಜೆಯೊಳಗೆ ತಾಯಿಯ ಮೇಲೆ ಕೊಲೆ ಕೇಸು ಹಾಕಬೇಕು.

* * *

ಶುಕ್ರವಾರ ಬೆಳಗ್ಗೆ ಹೇಳಿಕೆ ಬರೆದುಕೊಳ್ಳಲು ನೇತ್ರಾವತಿ ಕುಣಿಗಲ್‌ಗೆ, ಸಿದ್ದಾರ್ಥನ ತಾಯಿ ಸಿದ್ದಗಂಗಮ್ಮನ ಮನೆಗೆ ಹೋದಳು. ಹೆಂಚಿನಿಂದ ಉರುಳಿಬಿದ್ದಿದ್ದ ಸಗಣಿ ಉಂಡೆ ಬೂಟಿಗೆ ತಾಗಿ ಒಡೆಯಿತು. ಇನ್ನೂ ಹಸಿ. ಒಳಗೊಂದು ಹಾಲುಹಲ್ಲು. ಅದಕ್ಕೆ ಬಿಳಿ ಕ್ಯಾಪು.

"ಯಾರ್ದಜ್ಜಿ ಇದು?"

"ಪಕ್ಕದ್ಮನೆ ಮಗೀದು."

"ಅವ್ರ ಹೆಂಚು ಬಿಟ್ಟು ನಿಮ್ ಹೆಂಚಿಗೆ ಎಸೆದ್ರಾ?"

"ಕೈ ತಪ್ಪಿರ್ಬೇಕು ಬುಡವ್ವ. ಪೊಲೀಸ್ನೋರ್ಗೆ ಹಲ್ಲೂ ಒಂದ್ ಕೇಸಾ?"

ನೇತ್ರಾವತಿ ಹಲ್ಲನ್ನು ಕಾಗದದಲ್ಲಿ ಸುತ್ತಿಕೊಂಡಳು. ಪೇದೆ ಕದರಯ್ಯನನ್ನು ಬಾಗಿಲಲ್ಲಿ ನಿಲ್ಲಿಸಿ ತುಮಕೂರಿಗೆ ಜೀಪು ಓಡಿಸಿದಳು.

* * *

ಉಪ್ಪಾರಹಳ್ಳಿಯ ಡಾಕ್ಟರ್ ಪೂಜಾ ಹಲ್ಲನ್ನು ತೊಳೆದು ಸ್ಕ್ಯಾನ್ ಮಾಡಿದಳು.

"ಇಂಥ ಕ್ಯಾಪು ಬೇರೆ ಮಕ್ಳಿಗೂ ಇರಲ್ವಾ?"

"ರೆಡಿಮೇಡ್ ಆಗಿದ್ರೆ ಇರ್ತಿತ್ತು. ಇದು ಭೂಮಿಕಾ ಹಲ್ಲನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ ಡಿಸೈನ್ ಮಾಡಿದ್ದು. ನೋಡಿ, ಫೈಲಿಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಬೇರು ಕರಗಿದೆ, ತಾನಾಗೇ ಬಿದ್ದಿದೆ. ಶನಿವಾರ ನೋಡ್ದಾಗ ಬಾಯಲ್ಲೇ ಇತ್ತು, ಸ್ವಲ್ಪ ಅಲ್ಲಾಡ್ತಿತ್ತು."

* * *

ನೇತ್ರಾವತಿ ಸಂಧ್ಯಾಳನ್ನೂ ಕರೆದುಕೊಂಡು ಕುಣಿಗಲ್‌ಗೆ ಮರಳಿದಳು. ಅಷ್ಟರಲ್ಲಿ ಸಿದ್ದಾರ್ಥ ಬಂದಿದ್ದ. ಕದರಯ್ಯ ಅವನನ್ನು ಜಗಲಿಯಲ್ಲೇ ತಡೆದಿದ್ದ. ನೇತ್ರಾವತಿ ಅವನ ಮುಂದೆ ಹಲ್ಲು ಹಿಡಿದಳು.

"ಸೋಮವಾರ ಕೆರೇಲಿ ಸತ್ತ ಮಗೂದು ಹಲ್ಲು ಶುಕ್ರವಾರ ಕುಣಿಗಲ್ ಹೆಂಚಿಗೆ ಹೆಂಗಯ್ಯ ಹತ್ತುತ್ತೆ? ಸಗಣಿ ಹಸಿ ಇದೆ. ಬೆಳಗ್ಗೆ ಬಿದ್ದಿರೋ ಹಲ್ಲು. ಮಗು ಇಲ್ಲೇ ಇದಾಳೆ. ಸಂಧ್ಯಾನ ಜೈಲಿಗೆ ಕಳಿಸಕ್ಕೆ ದಂಡೇಲಿ ಚಪ್ಪಲಿ ಇಟ್ಟೋನು ನೀನೇ."

ಸಿದ್ದಾರ್ಥ ತಾಯಿಯ ಕಡೆ ತಿರುಗಿ ಹಲ್ಲು ಕಡಿದ. "ಕಸಕ್ಕೆ ಬಿಸಾಕಕ್ಕೆ ಆಗ್ಲಿಲ್ವೇನಮ್ಮ ನಿಂಗೆ?"

"ಕಸಕ್ಕೆ ಬಿಸಾಕಿದ್ರೆ ಮಗೀಗೆ ಹೊಸ ಹಲ್ಲು ಹೆಂಗ್ಲಾ ಬತ್ತದೆ?"

ಅಲ್ಲಿಗೆ ಮುಗಿಯಿತು. ಕದರಯ್ಯ ಅಟ್ಟದಿಂದ ಭೂಮಿಕಾಳನ್ನು ಇಳಿಸಿದ. ಸಂಧ್ಯಾ ತೋಳು ಚಾಚಿದಳು. ಮಗು ಓಡಿ ಅಜ್ಜಿಯ ಬೆನ್ನ ಹಿಂದೆ ಅಡಗಿತು.

"ಬ್ಯಾಡ! ಅಮ್ಮ ನನ್ನ ಕೆರೆಗೆ ತಳ್ತಾಳಂತೆ. ಅಪ್ಪ ಹೇಳವ್ರೆ."

ಸಿದ್ದಾರ್ಥ ಜೈಲಿಗೆ ಹೋದ. ಮಗಳು ಈಗ ಸಂಧ್ಯಾಳ ಮನೆಯಲ್ಲೇ ಇದ್ದಾಳೆ. ಆದರೆ ಇವತ್ತಿಗೂ ಅವಳ ಪಕ್ಕ ಮಲಗುವುದಿಲ್ಲ. ಕೋರ್ಟಿಗೆ ಅಲೆಯುತ್ತ ಮಗುವಿನ ಕಿವಿ ಊದುವವರು ನಿಮ್ಮ ವಾಟ್ಸಾಪ್ ಗ್ರೂಪಿನಲ್ಲೂ ಇರುತ್ತಾರೆ. ಬೈದರೂ ಪರವಾಗಿಲ್ಲ, ಇದನ್ನು ಮೊದಲು ಅವರಿಗೆ ಕಳಿಸಿ.